ರತ್ನಗಂಬಳಿ ತೊಳೆಯುವ ಯಂತ್ರ ಕೊಂಡದ್ದು

ಕಳೆದ ದೀಪಾವಳಿಯ ಸಮ್ಮಿಲನದಲ್ಲಿ ನಮ್ಮ ಸಂಘದ ಇಬ್ಬರು ಹಿರಿಯ ಸದಸ್ಯರು, ಬೇರೆ ಬೇರೆ ವೇಳೆಯಲ್ಲಿ, ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆಯನ್ನು ಕೇಳಿದರು: “ನಿಮ್ಮ ಭಾವಮೈದುನ ಕಾರ್ಪೆಟ್ಟು, ಸೋಫಾ ತೊಳೆಯುವ ವ್ಯವಹಾರ ನಡೆಸುತ್ತಾನಂತೆ. ಯಂತ್ರ ಯಾವುದು ಕೊಂಡ? ನಮ್ಮ ಹುಡುಗನೂ ಅದನ್ನೇ ಮಾಡುತ್ತೇನೆನ್ನುತ್ತಾನೆ.” ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಒಂದು ಯಂತ್ರದ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ನಾವು ಕೊಂಡ ಯಂತ್ರಗಳು ಎರಡು. ಅವುಗಳಲ್ಲಿ ಮೊದಲನೆಯದನ್ನು ಕೊಳ್ಳಿಸಿದ ಪಾಪ ನನ್ನದು. ಆದ್ದರಿಂದ ಸಂಪಾದಕರ ಅಪ್ಪಣೆ ಪಡೆದು, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿಯ ತಮ್ಮ ಅಂಬರನಾಥದ ಎಂ.ಐ.ಡಿ.ಸಿ.ಯ ಒಂದು ಸಣ್ಣ ಕಾರಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದ. 2022ರ ಬೇಸಗೆಯಲ್ಲಿ ಆ ಕಾರಖಾನೆ ಬಾಗಿಲು ಹಾಕಿತು. ಕೈಗೆ ಬಂದದ್ದು ಪ್ರಾವಿಡೆಂಟ್ ಫಂಡಿನ ಅಲ್ಪ ಹಣ. ಮನೆಯಲ್ಲಿ ಎರಡು ವರ್ಷದ ಮಗು. ಎರಡು ತಿಂಗಳು ಅಲ್ಲಿ ಇಲ್ಲಿ ಅಲೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲಿ ನಾಲ್ಕಾರು ಬಣ್ಣದ ಕಾಗದಗಳನ್ನು ಹಿಡಿದು ನಮ್ಮ ಬಿಡಾರಕ್ಕೆ ಬಂದ. “ಮಾಮಾ, ನೀವು ಆಫೀಸಿನ್ಯಾಗ ಟೆಂಡರ್ ನೋಡವರು. ಇದರಾಗ ಯಾವ ಮಷೀನು ಛಲೋ, ನೋಡಿ ಹೇಳ್ರಿ” ಎಂದ.

ಸರಕಾರಿ ಗುಮಾಸ್ತನಿಗೆ ಇದಕ್ಕಿಂತ ಅಪಾಯದ ಹೊಗಳಿಕೆ ಮತ್ತೊಂದಿಲ್ಲ. ನಾನು ಕನ್ನಡಕ ಏರಿಸಿ, ಕಾಗದದ ಮೇಲೆ ಗೆರೆ ಎಳೆದು, ಕೊಟೇಶನ್ನುಗಳ ತುಲನಾತ್ಮಕ ಪಟ್ಟಿಯನ್ನೇ ತಯಾರಿಸಿದೆ. ಎಡಗಡೆ ಹೆಸರು, ನಡುವೆ ವಾಟ್, ಬಲಗಡೆ ಬೆಲೆ. ನಮ್ಮ ಕಚೇರಿಯ ಅಭ್ಯಾಸದಂತೆ ಎಲ್ಲಕ್ಕಿಂತ ಕಡಿಮೆ ಬೆಲೆಯದರ ಮುಂದೆ ಗುರುತು ಹಾಕಿದೆ. ಅದರ ಮೇಲೆ 1,600 ವಾಟ್ ಎಂದು ಬರೆದಿತ್ತು; ಧೂಳು ಎಳೆಯುತ್ತದೆ, ನೀರು ಎಳೆಯುತ್ತದೆ, ಶಾಂಪೂ ಸಹ ಹಾಕುತ್ತದೆ ಎಂದು ಮೂರು ಚಿತ್ರಗಳಿದ್ದವು. ಬೆಲೆ 18,000 ರೂಪಾಯಿ. ಉಳಿದವು ಅದರ ಮೂರು ಪಟ್ಟು, ನಾಲ್ಕು ಪಟ್ಟು. “ಇದೇ ಸಾಕು” ಎಂದೆ. ಹುಡುಗ ಮರುದಿನವೇ ಹಣ ಕಟ್ಟಿದ.

ಮೊದಲ ಕೆಲಸ ಆಗಸ್ಟಿನಲ್ಲಿ ಬಂತು. ಸ್ಟೇಷನ್ನಿನ ಪೂರ್ವಭಾಗದ ಒಂದು ಹೌಸಿಂಗ್ ಸೊಸೈಟಿಯವರು ತಮ್ಮ ಸಭಾಗೃಹದ ಹಾಸನ್ನು ಗಣಪತಿ ಹಬ್ಬಕ್ಕೆ ಮುಂಚೆ ತೊಳೆದುಕೊಡಬೇಕೆಂದರು. ಭಾವಮೈದುನ ನೊರೆ ತುಂಬ ಶಾಂಪೂ ಹಾಕಿ, ಉತ್ಸಾಹದಿಂದ ನೀರು ಸಿಂಪಡಿಸಿ, ಆ ಮೇಲೆ ಯಂತ್ರದಿಂದ ಎಳೆಯತೊಡಗಿದ. ಯಂತ್ರದ ಸದ್ದು ಕಟ್ಟಡವನ್ನೇ ಅಲುಗಿಸಿತು. ಎರಡು ಸಲ ಸ್ವಿಚ್ಚು ಜಾರಿ ದೀಪಗಳೆಲ್ಲ ಆರಿದವು. ನೀರು ಮಾತ್ರ ಹಾಸಿನಲ್ಲಿಯೇ ಉಳಿಯಿತು. ಹೊರಗೆ ನಮ್ಮ ಅಂಬರನಾಥದ ಶ್ರಾವಣದ ಮಳೆ. ಮೂರನೆಯ ದಿನ ಸೊಸೈಟಿಯ ಕಾರ್ಯದರ್ಶಿಗಳು ಫೋನು ಮಾಡಿದರು. ಹಾಸಿನಿಂದ ಒದ್ದೆ ನಾಯಿಯ ವಾಸನೆ ಬರುತ್ತಿದೆ, ಅಂಚಿನಲ್ಲಿ ಕಂದು ಬಣ್ಣದ ಕಲೆ ಎದ್ದಿದೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೂಲಿ ಹೋದದ್ದಲ್ಲದೆ 4,500 ರೂಪಾಯಿ ಪರಿಹಾರವನ್ನೂ ಕೊಟ್ಟು ಬಂದೆವು.

ಆ ರಾತ್ರಿ ಹುಡುಗ ಊಟ ಮಾಡಲಿಲ್ಲ. ನನ್ನ ಹೆಂಡತಿ ನನ್ನನ್ನು ಏನೂ ಅನ್ನಲಿಲ್ಲ, ಅಂದಿದ್ದರೆ ಒಳ್ಳೆಯದಿತ್ತು. ನಾನು ಮಾಡಿದ ತಪ್ಪು ಏನೆಂದು ತಿಳಿದುಕೊಳ್ಳದೆ ಆ ಕಾಗದಗಳನ್ನು ಮತ್ತೆ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದೆ. ಮುಂದಿನ ಮೂರು ತಿಂಗಳು, 8 ಗಂಟೆ ಚಿಲ್ಲರೆಯ ಲೋಕಲಿನಲ್ಲಿ ನಿಂತು ಕಚೇರಿಗೆ ಹೋಗುವಾಗ, ನಾನು ಓದಿದ್ದೆಲ್ಲ ಈ ಯಂತ್ರಗಳ ವಿಷಯವೇ.

ಓದುತ್ತ ಹೋದಂತೆ ಒಂದು ಹಳೆಯ ಸಂಗತಿ ಸಿಕ್ಕಿತು. 1901ರಲ್ಲಿ ಲಂಡನ್ನಿನ ಒಂದು ನಾಟಕಗೃಹದಲ್ಲಿ ಧೂಳು ತೆಗೆಯುವ ಹೊಸ ಯಂತ್ರದ ಪ್ರದರ್ಶನ ನಡೆಯಿತಂತೆ. ಅದು ಗಾಳಿಯನ್ನು ಊದಿ ಧೂಳನ್ನು ಎಬ್ಬಿಸುವ ಯಂತ್ರ. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್ ಅದನ್ನು ನೋಡಿ, ಊದುವುದೇಕೆ, ಎಳೆಯಬಾರದೇಕೆ ಎಂದು ಕೇಳಿದ. ಬಳಿಕ ಒಂದು ಉಪಾಹಾರಗೃಹದಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವಿಟ್ಟು ಬಾಯಿಂದ ಗಾಳಿ ಎಳೆದು ನೋಡಿದ. ಕೆಮ್ಮು ಬಂತು, ಕರವಸ್ತ್ರದ ಇನ್ನೊಂದು ಮಗ್ಗುಲಲ್ಲಿ ಧೂಳು ಹತ್ತಿತ್ತು. ಆತ ಕಟ್ಟಿದ ಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಕೊಳವೆಗಳನ್ನು ಒಳಗೆ ಬಿಡಬೇಕಾಗಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಅದರಿಂದಲೇ ಶುಚಿಮಾಡಿದರು. ಕೈಯಲ್ಲಿ ಹಿಡಿಯುವ ವಿದ್ಯುತ್ ಯಂತ್ರವನ್ನು ಜನಪ್ರಿಯವಾಗುವಂತೆ ರೂಪಿಸಿದವನಂತೂ ಇಂಜಿನಿಯರನೇ ಅಲ್ಲ. ಅಮೆರಿಕದ ಒಹಾಯೋ ಸಂಸ್ಥಾನದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ರೋಗಿ. ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವುಗಳನ್ನು ಕೂಡಿಸಿ ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟು ಪಡೆದ. ಹೂವರ್ ಎಂಬ ವ್ಯಾಪಾರಿ ಅದನ್ನು ಕೊಂಡು ಹೆಸರು ಮಾಡಿದ. ಉಬ್ಬಸದವನ ಹೆಸರು ಯಾರಿಗೂ ನೆನಪಿಲ್ಲ.

ಬೂತನ ಪ್ರಶ್ನೆಯೇ ನನ್ನ ಕಣ್ಣು ತೆರೆಸಿತು. ರತ್ನಗಂಬಳಿಗೆ ನೀರು ಹಾಕುವುದು ಯಾವ ಮಹಾ ವಿದ್ಯೆ? ತಂಬಿಗೆಯಿಂದ ಹಾಕಿದರೂ ನಡೆಯುತ್ತದೆ. ಹಾಕಿದ ನೀರನ್ನು, ಅದರೊಳಗೆ ಕರಗಿದ ಕೊಳೆಯ ಸಮೇತ, ಹಿಂದಕ್ಕೆ ತೆಗೆಯುವುದೇ ವಿದ್ಯೆ. ನಾನು ಕೊಡಿಸಿದ್ದು ನೀರು ಹಾಕುವ ಯಂತ್ರ. ನಮಗೆ ಬೇಕಾಗಿದ್ದದ್ದು ನೀರು ತೆಗೆಯುವ ಯಂತ್ರ. ಒದ್ದೆಯಾದ ಹಾಸು ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯತೊಡಗುತ್ತದೆ. ಅಡಿಯಲ್ಲಿ ಸೆಣಬಿನ ನೇಯ್ಗೆ ಇದ್ದರೆ ಸೆಣಬಿನ ಬಣ್ಣ ನೀರಿನೊಂದಿಗೆ ಮೇಲೇರಿ ಕಂದು ಕಲೆಯಾಗುತ್ತದೆ. ಸೊಸೈಟಿಯ ಹಾಸಿಗೆ ಆದದ್ದು ಇವೆರಡೂ.

ಮಾರುವವರು ವಾಟಿನ ಮಾತಾಡುತ್ತಾರೆ. ವಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಮಾಡುವ ಕೆಲಸವಲ್ಲ; ಹೆಚ್ಚು ಉಂಡವನು ಹೆಚ್ಚು ದುಡಿಯುತ್ತಾನೆಂಬ ನಿಯಮವಿಲ್ಲವಷ್ಟೆ. ಕೇಳಬೇಕಾದ ಅಂಕಿಗಳು ಬೇರೆ ಇವೆ. ಯಂತ್ರದ ಎಳೆತಕ್ಕೆ ಒಂದು ಕೊಳವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಒಂದು ಅಳತೆ. ಇದನ್ನು ಇಂಚಿನಲ್ಲಿಯೋ ಮಿಲಿಬಾರಿನಲ್ಲಿಯೋ ಹೇಳುತ್ತಾರೆ. 100 ಇಂಚು ಎಂದರೆ ಸುಮಾರು 250 ಮಿಲಿಬಾರ್. ಕ್ಷಣಕ್ಕೆ ಎಷ್ಟು ಲೀಟರ್ ಗಾಳಿ ಹರಿಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ನೀರನ್ನು ಎಳೆಗಳ ಬುಡದಿಂದ ಕೀಳುವ ಬಲ. ಎರಡನೆಯದು ಕಿತ್ತ ನೀರನ್ನು ತೊಟ್ಟಿಗೆ ಹೊತ್ತು ಒಯ್ಯುವ ಬಲ. ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ “ನೋಡಿ, ಹೇಗೆ ಹಿಡಿಯುತ್ತದೆ!” ಎಂದು ತೋರಿಸುವ ಅಂಗಡಿಯವನು ಮೊದಲನೆಯದನ್ನು ಮಾತ್ರ ತೋರಿಸುತ್ತಾನೆ. ಬಾಯಿ ಮುಚ್ಚಿದಾಗ ಗಾಳಿಯ ಹರಿವು ಸೊನ್ನೆ. ಎರಡೂ ಚೆನ್ನಾಗಿರಬೇಕು. ಕೊಳವೆ ಉದ್ದವಾದಷ್ಟೂ ಎರಡೂ ಸೊರಗುತ್ತವೆ.

ಧೂಳು ಎಳೆಯುವ ಮನೆಬಳಕೆಯ ಯಂತ್ರ ನಮ್ಮಲ್ಲಿ ಬಹುಜನರಿಗೆ ಗೊತ್ತು. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ತರುಣರು ಟೈ ಕಟ್ಟಿಕೊಂಡು ಮನೆಮನೆಯ ಗಂಟೆ ಬಾರಿಸಿ, ಅದನ್ನು ನಮ್ಮ ಹಾಸಿಗೆಯ ಮೇಲೆಯೇ ಓಡಿಸಿ, ಬಂದ ಧೂಳನ್ನು ತೋರಿಸಿ ಗೃಹಿಣಿಯರನ್ನು ನಾಚಿಸುತ್ತಿದ್ದರು. ಅದು ಬೇಕೇ ಬೇಕು, ಏಕೆಂದರೆ ಒಣ ಧೂಳನ್ನು ಮೊದಲೇ ತೆಗೆಯದೆ ನೀರು ಹಾಕಿದರೆ ಕೆಸರಾಗುತ್ತದೆ. ಆದರೆ ಅದರಿಂದ ವ್ಯವಹಾರ ನಡೆಯುವುದಿಲ್ಲ. ಇನ್ನೊಂದು ಜಾತಿ, ತಿರುಗುವ ದುಂಡು ಬ್ರಷ್ಷಿನ ಯಂತ್ರ. ಆಫೀಸಿನ ನೆಲ ಉಜ್ಜುವುದಕ್ಕೆ ಬಹಳ ಚೆನ್ನ. ಕಚೇರಿಗಳ ಗಿಡ್ಡ ಎಳೆಯ ಹಾಸಿಗೂ ನಡೆಯುತ್ತದೆ. ಉಣ್ಣೆಯ ಉದ್ದ ಎಳೆಗಳನ್ನು ಅದು ತಿರುಚಿ ಹಾಳುಮಾಡುತ್ತದೆ. ಅದರಿಂದ ಸೋಫಾ ತೊಳೆಯುವಂತೆಯೂ ಇಲ್ಲ. ನಮಗೆ ಬೇಕಾದದ್ದು ಮೂರನೆಯ ಜಾತಿ: ಪಂಪಿನಿಂದ ಶಾಂಪೂ ನೀರನ್ನು ಎಳೆಗಳೊಳಗೆ ಸಿಂಪಡಿಸಿ, ಅದೇ ಮೂತಿಯ ಹಿಂದಿನ ಸೀಳಿನಿಂದ ಒಡನೆಯೇ ಹೀರಿಕೊಳ್ಳುವಂಥದು. ಶುದ್ಧ ನೀರಿಗೊಂದು ತೊಟ್ಟಿ, ಕೊಳೆನೀರಿಗೊಂದು. ಇದಕ್ಕೆ ‘ಸ್ಟೀಮ್’ ಎಂದು ಬಾಯಲ್ಲಿ ಹೆಸರು ಬಿದ್ದಿದೆಯಾದರೂ ಅದರಲ್ಲಿ ಹಬೆಯಿಲ್ಲ, ಇರುವುದು ಬಿಸಿನೀರು. ಅಮೆರಿಕದಲ್ಲಿ ಇದನ್ನೇ ವ್ಯಾನಿನಲ್ಲಿ ಕೂರಿಸಿ ಇಂಜಿನ್ನಿನಿಂದ ನಡೆಸುತ್ತಾರೆ. ಅಂಬರನಾಥದ ನಮ್ಮ ಗಲ್ಲಿಯಲ್ಲಿ ವ್ಯಾನು ತಿರುಗಿಸುವುದಕ್ಕೇ ಜಾಗವಿಲ್ಲ.

ನಾನು ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿದೆ. ಹಳೆಯ ಕಾರ್ಪೆಟ್ಟಿನ ಎರಡು ಮೊಳದ ತುಂಡನ್ನು ಉಲ್ಲಾಸನಗರದ ಗುಜರಿಯಿಂದ ತಂದು, ಅದರ ಮೇಲೆ ಅಳೆದು 2 ಲೀಟರ್ ನೀರು ಸಿಂಪಡಿಸಿ, ನಮ್ಮ 18,000 ರೂಪಾಯಿಯ ವೀರನಿಂದ ಎಳೆಸಿ, ತೊಟ್ಟಿಗೆ ಬಂದ ನೀರನ್ನು ಮತ್ತೆ ಅಳೆದೆ. 900 ಮಿಲಿಲೀಟರ್! ಅರ್ಧಕ್ಕಿಂತ ಹೆಚ್ಚು ಹಾಸಿನಲ್ಲಿಯೇ. ಈ ಪರೀಕ್ಷೆಗೆ ಒಂದು ಅಳತೆಯ ಜಗ್ಗು ಸಾಕು, ಬಿ.ಎ. ಪದವಿಯೂ ಬೇಡ. ಯಂತ್ರ ಕೊಳ್ಳುವ ಮೊದಲೇ ಯಾಕೆ ಮಾಡಲಿಲ್ಲವೆಂದು ಕೇಳಬೇಡಿ.

ಜನವರಿ 2023ರ ಒಂದು ಶನಿವಾರ ನಾನೂ ಭಾವಮೈದುನನೂ ಆ ತುಂಡನ್ನು ಸುರುಳಿ ಸುತ್ತಿ, ಜಗ್ಗನ್ನು ಚೀಲದಲ್ಲಿಟ್ಟು, ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿಳಿದು, ಯಂತ್ರಸಾಮಗ್ರಿಗಳ ಪೇಟೆಯಾದ ನಾಗದೇವಿ ಬೀದಿಗೆ ಹೋದೆವು. ಮೊದಲಿನ ಮೂರು ಅಂಗಡಿಯವರು ನಮ್ಮ ಸುರುಳಿಯನ್ನು ನೋಡಿ ನಕ್ಕರು. ಒಬ್ಬನಂತೂ ನಾವು ಅದನ್ನು ಮಾರಲು ಬಂದಿದ್ದೇವೆಂದೇ ತಿಳಿದ. ನಾಲ್ಕನೆಯ ಅಂಗಡಿಯ ವೃದ್ಧ ಗುಜರಾತಿ ಗೃಹಸ್ಥರು ಮಾತ್ರ ಹಿತ್ತಿಲ ಮೋರಿಯ ಬಳಿ ಜಾಗ ತೋರಿಸಿ, “ಮಾಡಿ ನೋಡಿ, ಒಳ್ಳೆಯ ಸರಕಿಗೆ ಪರೀಕ್ಷೆಯ ಭಯವೇನು?” ಎಂದರು. 10 ಲೀಟರ್ ತೊಟ್ಟಿಯ ಒಂದು ಯಂತ್ರ 2 ಲೀಟರಿನಲ್ಲಿ 1,600 ಮಿಲಿಲೀಟರನ್ನು ಹಿಂದಕ್ಕೆ ಕೊಟ್ಟಿತು. ಅದಕ್ಕಿಂತ ದೊಡ್ಡದಾದ, ಎರಡು ಮೋಟಾರಿನ, 30 ಲೀಟರ್ ತೊಟ್ಟಿಯ ಯಂತ್ರ 1,700 ಕೊಟ್ಟಿತು.

ದೊಡ್ಡದರ ಮೇಲೆ ಹುಡುಗನ ಕಣ್ಣು ಬಿತ್ತು. ನಾನು ಈ ಸಲ ಬೆಲೆಯ ಮಾತೆತ್ತಲಿಲ್ಲ, “ಎತ್ತು” ಎಂದೆ. ಬರಿಯ ಯಂತ್ರವನ್ನು ಇಬ್ಬರು ಸೇರಿ ಎತ್ತಬೇಕಾಯಿತು. ನಮ್ಮ ಊರಿನಲ್ಲಿ ಹಳೆಯ ಕಟ್ಟಡಗಳೆಲ್ಲ ಮೂರು ನಾಲ್ಕು ಅಂತಸ್ತಿನವು, ಲಿಫ್ಟಿಲ್ಲದವು. ಕೆಲಸ ಮಾಡುವವನು ಒಬ್ಬನೇ. ಒಂದು ಲೀಟರ್ ನೀರು ಒಂದು ಕಿಲೋ. 30 ಲೀಟರಿನ ತೊಟ್ಟಿಯನ್ನು ತುಂಬಿ ಕೋಣೆಯಿಂದ ಕೋಣೆಗೆ ಎಳೆದಾಡುವುದೆಂದರೆ ಮದುವೆಯ ಮನೆಯ ಹಂಡೆಯನ್ನು ಎಳೆದಾಡಿದ ಹಾಗೆ. ಸಣ್ಣದರ ತೂಕ 11 ಕಿಲೋ ಚಿಲ್ಲರೆ, ಸ್ಕೂಟರಿನ ಕಾಲ ಬಳಿ ಕೂರುತ್ತದೆ.

ಇನ್ನು ವಿದ್ಯುತ್ತು. ನಮ್ಮ ಮನೆಗಳ ಸಾಮಾನ್ಯ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1,380 ವಾಟ್. ನಮ್ಮ 1,600 ವಾಟಿನ ಯಂತ್ರ ಸೊಸೈಟಿಯ ದೀಪಗಳನ್ನು ಆರಿಸಿದ್ದು ಯಾಕೆಂಬುದು ಆಗ ಹೊಳೆಯಿತು. ಗುಣಾಕಾರವನ್ನು ನಾಲ್ಕನೆಯ ಇಯತ್ತೆಯಲ್ಲಿಯೇ ಕಲಿತಿದ್ದೆ! ಸಣ್ಣ ಯಂತ್ರದ ಹೀರುವ ಮೋಟಾರು 1,250 ವಾಟ್, ಪಂಪು ಇನ್ನೊಂದಷ್ಟು; ಯಾವ ಮನೆಗೆ ಹೋದರೂ ನಡೆಯುತ್ತದೆ. ಹೀಟರ್ ಸೇರಿರುವ ಯಂತ್ರಕ್ಕೆ 16 ಆಂಪಿಯರಿನ ಸಾಕೆಟ್ಟು ಬೇಕು. ಅದು ಸಾಮಾನ್ಯವಾಗಿ ಇರುವುದು ಅಡುಗೆಮನೆಯಲ್ಲಿ, ಇಲ್ಲವೆ ಬಚ್ಚಲಿನಲ್ಲಿ. ಅಷ್ಟಕ್ಕೂ 1,000 ವಾಟಿನ ಹೀಟರ್ 10 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 24 ನಿಮಿಷ ಹಿಡಿಯುತ್ತದೆ. ಗಿರಾಕಿಯ ಗೀಜರಿನಿಂದ ಎರಡು ಬಕೆಟ್ಟು ಬಿಸಿನೀರು ಕೇಳಿ ಪಡೆಯುವುದೇ ಮೇಲು. ಪಂಪು ಎಷ್ಟು ಬಿಸಿ ತಾಳುತ್ತದೆಂಬುದನ್ನು ಮಾತ್ರ ಯಂತ್ರದ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ನೀರೂ ವಿದ್ಯುತ್ತೂ ಒಂದೇ ಕೈಯಲ್ಲಿರುವ ಈ ಕೆಲಸದಲ್ಲಿ ಒಂದು ವಿಷಯಕ್ಕೆ ಜಿಪುಣತನ ಸಲ್ಲದು. ದಪ್ಪ ತಂತಿಯ, ಅರ್ಥಿಂಗ್ ಇರುವ, 30 ಮಿಲಿಆಂಪಿಯರ್ ಸೋರಿಕೆಗೆ ತಾನೇ ಆರುವ ಸ್ವಿಚ್ಚಿನ ಎಕ್ಸ್‌ಟೆನ್ಷನ್ ಬೋರ್ಡನ್ನು ನಮ್ಮದೇ ಒಯ್ಯುತ್ತೇವೆ. ಮನೆಯವರು ಕೊಡುವ ಸಪುರ ತಂತಿಯನ್ನು ಭಾವಮೈದುನ ಮುಟ್ಟುವುದಿಲ್ಲ.

ಅಂಗಡಿಯ ವೃದ್ಧರು ತಾವಾಗಿಯೇ ಒಂದು ಮಾತು ಹೇಳಿದರು: “ಯಂತ್ರಕ್ಕಿಂತ ಮೊದಲು ಅದರ ಬಿಡಿಭಾಗ ಕೇಳಿ.” ಕೊಳವೆ, ಸಿಂಪಡಿಸುವ ಮೂತಿ, ರಬ್ಬರಿನ ಬಳೆ, ಪಂಪು, ಇವು ಎರಡು ದಿನದಲ್ಲಿ ಮುಂಬಯಿಯಲ್ಲಿ ಸಿಗುತ್ತವೆಯೇ? ಸಿಗದಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ದೀಪಾವಳಿಯ ವಾರದಲ್ಲಿ ಮೂಲೆಗೆ ಬೀಳುತ್ತದೆ. ನಮ್ಮ ಕಚೇರಿಯ ಟೆಂಡರಿನಲ್ಲಿಯೂ ಈ ಅಂಕಣ ಇರಬೇಕಾಗಿತ್ತೆಂದು ನನಗನ್ನಿಸಿತು. ಅವರೇ ಹೇಳಿದ ಇನ್ನೊಂದು: ಕೈಯಲ್ಲಿ ಹಿಡಿಯುವ ಸಣ್ಣ ಮೂತಿ ಪಾರದರ್ಶಕವಾಗಿರಬೇಕು, ಹೋಗುವ ನೀರು ಕಪ್ಪೋ ತಿಳಿಯೋ ಎಂದು ಕಂಡರೆ ಮಾತ್ರ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ಗಿರಾಕಿಗೂ ಕಾಣುತ್ತದೆ, ಕೂಲಿಯ ಚೌಕಾಶಿ ತಾನಾಗಿಯೇ ನಿಲ್ಲುತ್ತದೆ.

ಸಣ್ಣದರ ಬೆಲೆ 70,000ಕ್ಕೆ ಸ್ವಲ್ಪ ಮೇಲೆ. 2015ರ ಏಪ್ರಿಲಿನಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿವರೆಗೆ ಒತ್ತೆಯಿಲ್ಲದ ಸಾಲವುಂಟು. ‘ಉದ್ಯಮ್’ ನೋಂದಣಿಗೆ ಹಣ ಕೊಡಬೇಕಾಗಿಲ್ಲ. ಅರ್ಜಿಯನ್ನು ತುಂಬುವುದರಲ್ಲಿಯಾದರೂ ಗುಮಾಸ್ತ ಕೆಲಸಕ್ಕೆ ಬಂದ. ಉಳಿದದ್ದನ್ನು ನನ್ನ ಹೆಂಡತಿ ತನ್ನ ಭಿಶಿಯಿಂದ ಕೊಟ್ಟಳು. ಕೊಡುವಾಗ “ಈ ಸಲ ಮಷೀನು ಆರಿಸಿದವರು ಯಾರು?” ಎಂದು ತಮ್ಮನನ್ನು ಕೇಳಿದಳು. ಅವನು “ಜಗ್ಗು” ಎಂದ. ಸೇವೆಯ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷ ಮುಟ್ಟುವವರೆಗೆ ಜಿ.ಎಸ್.ಟಿ. ನೋಂದಣಿಯ ಕಟ್ಟಳೆಯಿಲ್ಲ, ಹಾಗೆಯೇ ಯಂತ್ರಕ್ಕೆ ಕೊಟ್ಟ ತೆರಿಗೆ ಹಿಂದಕ್ಕೂ ಬಾರದು. ಆದ್ದರಿಂದ ತೆರಿಗೆ ಸೇರಿಸಿದ ಬೆಲೆಯನ್ನೇ ನಿಜವಾದ ಬೆಲೆಯೆಂದು ಎಣಿಸಬೇಕು.

ಯಂತ್ರ ಬಂತು. ಇಲ್ಲಿಗೆ ಕಥೆ ಸುಖಾಂತವಾಗಬೇಕಾಗಿತ್ತು. ನನ್ನ ತಾಯಿಯ ಬಳಿ ನವಲಗುಂದದ ಒಂದು ಜಮಖಾನೆಯಿದೆ. ಧಾರವಾಡ ಜಿಲ್ಲೆಯ ಆ ಊರಿನ ಹತ್ತಿಯ ಜಮಖಾನೆಗಳು ಭೌಗೋಳಿಕ ಗುರುತಿನ ಮನ್ನಣೆ ಪಡೆದಂಥವು. ಕೆಲವೇ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುತ್ತಾರೆ, ನವಿಲನ್ನೂ ಚೌಕಾಬಾರದ ಮನೆಗಳನ್ನೂ ಬಣ್ಣದಲ್ಲಿ ಮೂಡಿಸುತ್ತಾರೆ. ತಾಯಿಯ ಮದುವೆಯಲ್ಲಿ ತವರಿನವರು ಕೊಟ್ಟದ್ದು. ನಮ್ಮ ತಂದೆ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಕೆಲಸಕ್ಕೆಂದು ಅಂಬರನಾಥಕ್ಕೆ ಬಂದಾಗ ಒಂದು ಟ್ರಂಕಿನೊಡನೆ ಬಂದದ್ದು ಅದೊಂದೇ. ಹೊಸ ಯಂತ್ರದ ಉತ್ಸಾಹದಲ್ಲಿ ನಾವಿಬ್ಬರೂ ಅದರ ಮೇಲೆಯೇ ಪ್ರಯೋಗಕ್ಕಿಳಿದೆವು. ಬಿಸಿನೀರು ಬಿದ್ದೊಡನೆ ಕೆಂಪು ಬಣ್ಣ ಹರಿದು ಬಿಳಿಯ ಪಟ್ಟೆಯೊಳಗೆ ಸೇರಿತು. ಹೀರುವ ಯಂತ್ರ ಹೀರುತ್ತಲೇ ಇತ್ತು; ಹರಿದ ಬಣ್ಣ ಹಿಂದಕ್ಕೆ ಬರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನೋಡಿ, “ಬಣ್ಣ ಹೋತಲ್ಲೋ ತಮ್ಮಾ” ಎಂದು ಇಷ್ಟೇ ಅಂದರು.

ಒಂದು ಬಿಳಿಯ ಅರಿವೆಯನ್ನು ಒದ್ದೆಮಾಡಿ ಮೂಲೆಯಲ್ಲಿ ಒತ್ತಿ ಹಿಡಿದು ನೋಡಿದ್ದರೆ ಸಾಕಾಗಿತ್ತು. ಬಣ್ಣ ಬಿಡುವುದಾದರೆ ಅರಿವೆಗೆ ಹತ್ತುತ್ತದೆ. ಈಗ ಭಾವಮೈದುನ ಯಾವ ಮನೆಗೆ ಹೋದರೂ ಮೊದಲು ಮಾಡುವುದು ಇದನ್ನೇ. ಎರಡನೆಯದಾಗಿ ಅಂಚಿನ ಒಂದು ಎಳೆಯನ್ನು ಕಿತ್ತು ಹೊರಗೆ ಸುಟ್ಟು ಮೂಸುತ್ತಾನೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕಾಗದದ ವಾಸನೆಯಾದರೆ ಹತ್ತಿಯೋ ವಿಸ್ಕೋಸೋ. ಕರಗಿ ಮಣಿಯಾದರೆ ಪಾಲಿಪ್ರೊಪಿಲೀನ್ ಮೊದಲಾದ ಕೃತಕ ನೂಲು. ಪೇಟೆಯ ಅಗ್ಗದ ಕಾರ್ಪೆಟ್ಟುಗಳಲ್ಲಿ ಬಹಳಷ್ಟು ಕೊನೆಯ ಜಾತಿಯವು. ಅವು ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತವೆ, ಎಣ್ಣೆಯನ್ನು ಮಾತ್ರ ಬಿಡುವುದಿಲ್ಲ. ಉಣ್ಣೆಯಾದರೋ ತನ್ನ ತೂಕದ ಶೇಕಡಾ 30ರವರೆಗೆ ತೇವವನ್ನು ಹಿಡಿದಿಟ್ಟುಕೊಂಡೂ ಮುಟ್ಟಿದರೆ ಒಣಗಿದಂತೆಯೇ ಕಾಣುತ್ತದೆ. ಬಟ್ಟೆ ಒಗೆಯುವ ಕ್ಷಾರದ ಪುಡಿಯನ್ನೂ ಕಲೆ ತಿನ್ನುವ ಎನ್‌ಜೈಮನ್ನೂ ಅದಕ್ಕೆ ತೋರಿಸಬಾರದು. ವಿಸ್ಕೋಸಿನ ‘ರೇಷ್ಮೆ’ ಹಾಸು ಒದ್ದೆಯಾದರೆ ಬಲಗುಂದಿ ಹಳದಿಯಾಗುತ್ತದೆ. ಅಂಥದನ್ನು ಕಂಡರೆ ನಮಸ್ಕಾರ ಹೇಳಿ ಬರುವುದೇ ಲಾಭ.

ವ್ಯವಹಾರ ಹೇಗೆ ನಡೆದಿದೆ ಎಂದು ಕೇಳುವಿರಿ. ನಿಜ ಹೇಳಬೇಕೆಂದರೆ, ಹೆಸರು ಕಾರ್ಪೆಟ್ಟಿನದು, ಅನ್ನ ಸೋಫಾದ್ದು. ನಮ್ಮ ಜನ ಮನೆಯಲ್ಲಿ ಹಾಸುವುದು ಕಡಿಮೆ; ಸೋಫಾ ಇಲ್ಲದ ಮನೆ ಕಡಿಮೆ. ಗಣಪತಿಯಿಂದ ದೀಪಾವಳಿಯವರೆಗೆ ಬಿಡುವಿಲ್ಲ, ಡೊಂಬಿವಲಿ ಕಲ್ಯಾಣಗಳಿಂದಲೂ ಕರೆ ಬರುತ್ತದೆ. ಮದುವೆಯ ದಿನಗಳಲ್ಲಿ ಸಭಾಗೃಹಗಳ ಹಾಸು. ಜೂನಿನಿಂದ ಮಳೆ ಹಿಡಿದರೆ ದೊಡ್ಡ ರತ್ನಗಂಬಳಿಗಳನ್ನು ಒಪ್ಪಿಕೊಳ್ಳುವುದಿಲ್ಲ. ಎರಡನೆಯ ವರ್ಷ ಸಾಲ ತೀರಿದ ಮೇಲೆ ಕೊಂಡದ್ದು ಇನ್ನೊಂದು ತೊಳೆಯುವ ಯಂತ್ರವಲ್ಲ, ನೆಲದ ಮಟ್ಟದಲ್ಲಿ ಗಾಳಿ ಬೀಸುವ ಬ್ಲೋವರು. ಮೊದಲ ವರ್ಷವೇ ಅದನ್ನು ಕೊಳ್ಳಬೇಕಾಗಿತ್ತೆಂದು ಅವನೀಗ ಹೇಳುತ್ತಾನೆ. ಶಾಂಪೂ ಮೊದಲಿನ ಕಾಲು ಭಾಗವೂ ಬಳಸುವುದಿಲ್ಲ. ಉಳಿದ ಸಾಬೂನು ಕೊಳೆಯನ್ನು ಮತ್ತೆ ಕರೆಯುತ್ತದೆ, ನೊರೆ ಮೋಟಾರಿಗೆ ಏರುತ್ತದೆ. ಎರಡನೆಯ ಸಲ ಬರಿಯ ನೀರನ್ನೇ ಹಾಯಿಸಿ ಎಳೆಯುತ್ತಾನೆ. ಹಳೆಯ 1,600 ವಾಟಿನ ವೀರನೂ ನಿರುದ್ಯೋಗಿಯಲ್ಲ. ಒಣ ಧೂಳು ತೆಗೆಯುವುದಕ್ಕೆ ಅವನೇ ಮೊದಲು ಹೋಗುತ್ತಾನೆ.

ಹಿಂದೆ ಹೇಳಿದ ಸೊಸೈಟಿಯವರು ಕಳೆದ ಡಿಸೆಂಬರಿನಲ್ಲಿ ಮತ್ತೆ ಕರೆದರು. ಬೇರೆ ಹಾಸು, ಅದೇ ಕಾರ್ಯದರ್ಶಿಗಳು. ಬೆಳಿಗ್ಗೆ ತೊಳೆದದ್ದು ಸಂಜೆ ಆರತಿಯ ಹೊತ್ತಿಗೆ ಒಣಗಿತ್ತು. ಕೂಲಿಯನ್ನು ಎಣಿಸಿ ಕೊಟ್ಟು, ಚಹ ತರಿಸಿದರಂತೆ.

ತಾಯಿಯ ಜಮಖಾನೆಯ ಬಿಳಿಯ ಪಟ್ಟೆ ಈಗ ತೆಳು ಗುಲಾಬಿ. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಅದನ್ನೇ ಹಾಸುತ್ತಾರೆ. ಬಂದವರು ಬಣ್ಣ ಚೆಂದವಿದೆಯೆಂದರೆ ನನ್ನ ಕಡೆಗೊಮ್ಮೆ ನೋಡುತ್ತಾರೆ. ಭಾವಮೈದುನ ಯಂತ್ರದೊಡನೆ ನಮ್ಮ ಮನೆಗೆ ಬಂದಾಗಲೆಲ್ಲ ಅದು ಟ್ರಂಕಿನೊಳಗೆ ಹೋಗುತ್ತದೆ, ಬೀಗ ಬೀಳುತ್ತದೆ.